ಕೈಯಲ್ಲಿ ಬರೆದ ಫ್ಲೇರ್

ಆರ್.ಟಿ. ನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಇಪ್ಪತ್ತೆರಡು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೇನೆ. ಲೆನ್ಸಿಗೆ ಬಿಸಿಲು ಹೊಡೆದು ವಧುವಿನ ಮುಖದ ಮೇಲೆ ಫ್ಲೇರ್ ಕೂತರೆ ಆಲ್ಬಮ್ಮೇ ವಾಪಸ್ ಬರುತ್ತಿದ್ದ ಕಾಲ ನೋಡಿದವನು ನಾನು. ಬಿಸಿಲು ತಡೆಯೋ ಹುಡ್ ಹಾಕದೆ ಹೊರಗೆ ಹೋಗಬೇಡ್ರೋ ಅಂತ ಹುಡುಗರಿಗೆ ಬೈದಿದ್ದಕ್ಕೆ ಲೆಕ್ಕವಿಲ್ಲ.

ಮೊನ್ನೆ ಮಗ ಜಪಾನಿನ ಮಕೊತೊ ಶಿಂಕಾಯಿಯ ‘ಸುಝುಮೆ’ ಸಿನಿಮಾ ಹಾಕಿದ್ದ. ಅದರಲ್ಲೂ ಫ್ಲೇರ್! “ಹುಡ್ ಹಾಕಿಲ್ಲ ನೋಡು” ಅಂದೆ. “ಅಪ್ಪ, ಇದು ಡ್ರಾಯಿಂಗು. ಲೆನ್ಸೇ ಇಲ್ಲ” ಅಂತ ನಕ್ಕ. ಗಾಜಿನ ತಪ್ಪನ್ನು, ಗಾಜೇ ಇಲ್ಲದ ಕಡೆ, ಯಾರೋ ಬೇಕೆಂದೇ ಕೂತು ಸೇರಿಸಿದ್ದಾರೆ.

ಆಮೇಲೆ ಮಗನ ಪಕ್ಕ ಕೂತು ಇನ್ನಷ್ಟು ನೋಡಿದೆ. ನವೊಕೊ ಯಮದಾ ಅವರ ‘ಎ ಸೈಲೆಂಟ್ ವಾಯ್ಸ್’ (2016) ಚಿತ್ರದ ಹುಡುಗನಿಗೆ ಯಾರ ಮುಖವನ್ನೂ ನೋಡಲಾಗದು. ಫ್ರೇಮೂ ಮುಖ ಬಿಟ್ಟು ಕಾಲುಗಳ ಕಡೆ ಇಳಿಯುತ್ತದೆ, ಹಿಂದಿನದೆಲ್ಲ ಮಸುಕು. ಆ ಮಸುಕಿಗೆ ನಾವು ಫೋಟೋದವರು ಹೇಳುವ ‘ಬೊಕೆ’ ಜಪಾನಿ ಮಾತೇ ಅಲ್ಲವೇ! ಮಮೊರು ಒಶಿಯಿ ತಮ್ಮ ‘ಪ್ಯಾಟ್‌ಲೇಬರ್ 2’ (1993) ಚಿತ್ರ ಬರೆಸುವಾಗ ಲೆನ್ಸನ್ನು ಮನಸ್ಸಲ್ಲಿಟ್ಟುಕೊಂಡೇ ದೃಶ್ಯಗಳನ್ನು ಕಟ್ಟಿದರು. ಲೆನ್ಸಿನಿಂದ ಏನು ವ್ಯತ್ಯಾಸ ಅನ್ನುವವರು ಸಂಜೆ ಹೆಬ್ಬಾಳ ಫ್ಲೈಓವರ್ ಕಡೆ ಬನ್ನಿ. 200 ಎಂ.ಎಂ. ಲೆನ್ಸಿನಲ್ಲಿ ದೂರದಿಂದ ನೋಡಿದರೆ ಬಸ್ಸು, ಆಟೋ, ಕ್ಯಾಬು ಒಂದರ ಬೆನ್ನಿಗೊಂದು ಅಂಟಿ ಉಸಿರು ಕಟ್ಟುತ್ತದೆ. ಹತ್ತಿರ ಹೋಗಿ 24ರಲ್ಲಿ ನೋಡಿ, ಅದೇ ರಸ್ತೆ ಅಗಲವಾಗಿ, ಸಲೀಸಾಗಿ ಕಾಣುತ್ತದೆ. ಎರಡೂ ಸುಳ್ಳೇ. ಯಾವ ಸುಳ್ಳು ಬೇಕು ಅನ್ನುವುದೇ ನಮ್ಮ ಕಸುಬು.

ಜಪಾನಿನಲ್ಲಿ ಹಿಂದೆ ಇಂಥ ಚಿತ್ರಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಬರೆದು, ಕ್ಯಾಮೆರಾದ ಕೆಳಗಿಟ್ಟು ಒಂದೊಂದೇ ಫ್ರೇಮ್ ತೆಗೆಯುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರಿನದು. ವಿಭಾಗದ ಹೆಸರು ಮಾತ್ರ ಇಂದಿಗೂ ‘ಸತ್ಸುಎ’, ಅಂದರೆ ಚಿತ್ರೀಕರಣ.

ನಮ್ಮಲ್ಲಿ? ಅಕ್ಕನ ಮಗ ಲಕ್ಷಗಟ್ಟಲೆ ಕಟ್ಟಿ ಅನಿಮೇಷನ್ ಕೋರ್ಸಿಗೆ ಸೇರಿದ್ದಾನೆ. ಮೊದಲ ದಿನದಿಂದಲೂ ಬರೀ ಸಾಫ್ಟ್‌ವೇರ್. “ಹಿಂದಿನದು ಯಾಕೋ ಮಸುಕು?” ಅಂತ ಕೇಳಿದರೆ “ಅದಕ್ಕೆ ಬಟನ್ ಇದೆ ಮಾಮ” ಅನ್ನುತ್ತಾನೆ. ತಪ್ಪು ಅವನದಲ್ಲ.

ಯಲಹಂಕದಲ್ಲಿ ವಿನ್ಯಾಸ ಕಲಿಯುವ ಮಕ್ಕಳಿದ್ದಾರೆ. ಅಲ್ಲಿಂದ ಬಹುದೂರವೇನಲ್ಲದ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಅದರ ಬೇರು 1940ರ ದಶಕದ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಆ ಪಾಲಿಟೆಕ್ನಿಕ್ಕಿನಲ್ಲೇ. ‘ಕಾಗಜ್ ಕೆ ಫೂಲ್’ (1959) ಚಿತ್ರದ ಆ ಬೆಳಕಿನ ಕೋಲು ನೆನಪಿದೆಯೇ? ಕನ್ನಡಿ ಹಿಡಿದು ಸ್ಟುಡಿಯೋದೊಳಕ್ಕೆ ಮೂರ್ತಿ ತಂದ ನಿಜವಾದ ಬಿಸಿಲು ಅದು. ಅನಿಮೇಷನ್ ಮಕ್ಕಳನ್ನು ಆರು ತಿಂಗಳು ಕ್ಯಾಮೆರಾದವರ ಜೊತೆ ಕನ್ನಡಿ ಹೊರಲು ಕಳಿಸಿ. ಸಾಫ್ಟ್‌ವೇರ್ ಎಲ್ಲೂ ಓಡಿಹೋಗುವುದಿಲ್ಲ.

ಕಳೆದ ಭಾನುವಾರ ಅಳಿಯನ ಕೈಗೆ ಹಳೆಯ 50 ಎಂ.ಎಂ. ಲೆನ್ಸ್ ಕೊಟ್ಟು ಯಶವಂತಪುರ ಮಾರ್ಕೆಟ್ಟಿಗೆ ಕಳಿಸಿದೆ. ಜೂಮ್ ಇಲ್ಲ, ಬೇಕಾದರೆ ನಡೆದು ಹತ್ತಿರ ಹೋಗಬೇಕು. ಸಂಜೆ ಬಂದು ತೋರಿಸಿದ. ಈರುಳ್ಳಿ ಮೂಟೆ ಹೊತ್ತವನೊಬ್ಬನ ಹೆಗಲ ಹಿಂದಿನಿಂದ ಬಿಸಿಲು ನೇರ ಲೆನ್ಸಿಗೆ ಬಡಿದಿತ್ತು. ಹುಡ್ ಎಲ್ಲೋ ಅಂತ ಕೇಳಿದೆ. ಜೇಬಿನಿಂದ ತೆಗೆದುಕೊಟ್ಟ.