ತೇರಿನ ದೇವರು, ಕಾರಿನ ಕೂಸು



ಆಷಾಢ ಬಂದರೆ ಹೊಸ ಮದುಮಗಳು ತವರಿಗೆ ಹೋಗುವುದು ನಮ್ಮ ಕಡೆಯ ವಾಡಿಕೆ. ಆದರೆ ಚಾಮರಾಜನಗರದ ತೇರಿಗೆ ಮಾತ್ರ ಹೊಸ ಜೋಡಿಗಳು ಒಟ್ಟಿಗೇ ಬಂದು, ಚಾಮರಾಜೇಶ್ವರನ ರಥಕ್ಕೆ ಹಣ್ಣು-ದವನ ಎಸೆಯುತ್ತಾರೆ. ಹೋದ ಆಷಾಢದಲ್ಲಿ ಅದನ್ನು ನೋಡಲು ಗುಂಡ್ಲುಪೇಟೆಯಿಂದ ನಾವೂ ಹೊರಟೆವು. ಕಾರಿನಲ್ಲಿ ಮಗ, ಸೊಸೆ, ನಾನು, ನಮ್ಮ ಮನೆಯವಳು, ಐದನೇ ತರಗತಿಯ ಮೊಮ್ಮಗಳು, ಹನ್ನೊಂದು ತಿಂಗಳ ಕೂಸು. ಆರು ಜನವಾದರೆ ಇಕ್ಕಟ್ಟು ಎಂದು ಸೊಸೆ, "ಮಾವ, ನೀವೆಲ್ಲ ಹೋಗಿ ಬನ್ನಿ" ಎಂದು ಮನೆಯಲ್ಲೇ ಉಳಿದಳು.

ಹೊರಡುವಾಗಲೇ ಜಗಳ. ಮಗ ಕೂಸಿಗೆಂದು ಒಂದು ಸೀಟು ತಂದಿದ್ದ. ಅಜ್ಜಿಗೆ ಅದು ಸುತರಾಂ ಹಿಡಿಸಲಿಲ್ಲ. "ನಾಕು ಮಕ್ಕಳ ಸಾಕಿವ್ನಿ. ಮುಕ್ಕಾಲು ಗಂಟೆ ಒಂದು ಕೂಸ ತೊಡೆ ಮ್ಯಾಲೆ ಹಿಡ್ಕಂಡು ಕೂರಕ್ಕಾಗಲ್ವಾ ನನಗೆ?" ಎಂದಳು. ಮಗ ಮಾತಾಡದೆ ಸೀಟನ್ನು ಹಿಂದೆ ಇಟ್ಟು, ಅವಸರದಲ್ಲಿ ಬೆಲ್ಟ್ ತೂರಿಸಿ, ಕೂಸನ್ನು ಕೂರಿಸಿದ.

ತೆರಕಣಾಂಬಿ ದಾಟಿದ ಮೇಲೆ ಒಂದು ಮೇಕೆ ಹಿಂಡು ರಸ್ತೆಗೆ ನುಗ್ಗಿತು. ಮಗ ಬ್ರೇಕ್ ಒತ್ತಿದ. ಮೇಕೆಗಳಿಗೂ ಏನಾಗಲಿಲ್ಲ, ನಮಗೂ ಏನಾಗಲಿಲ್ಲ. ಆದರೆ ಕೂಸಿನ ಸೀಟು ಇದ್ದ ಜಾಗದಿಂದ ಜಾರಿ, ವಾಲಿ, ಅಜ್ಜಿಯ ಭುಜಕ್ಕೆ ಬಂದು ಒರಗಿತು. ಕೂಸು ಕಿಲಕಿಲ ನಕ್ಕಿತು. ನಾವು ಯಾರೂ ನಗಲಿಲ್ಲ.

"ನೋಡ್ದಾ? ಇದಕ್ಕಿಂತ ನನ್ನ ತೊಡೆಯೇ ವಾಸಿ" ಎಂದಳು ಅಜ್ಜಿ. ಆಗ ನನಗೂ ಹೌದೆನ್ನಿಸಿತು.

ತೇರಿನ ಬೀದಿಯಲ್ಲಿ ಮೊಮ್ಮಗಳನ್ನು ಎತ್ತಿ ಹಿಡಿದೆ. ಅವಳು ದೇವರನ್ನು ದಿಟ್ಟಿಸಿ ನೋಡಿ ಕೇಳಿದಳು: "ತಾತ, ದೇವರನ್ನ ಯಾಕೆ ಹಗ್ಗದಲ್ಲಿ ಕಟ್ಟಿದಾರೆ?"

"ತೇರು ಅಲುಗಾಡುತ್ತಲ್ಲವ್ವ, ಮೂರ್ತಿ ಜರುಗಬಾರದು ಅಂತ."

"ತೇರು ನಮಗಿಂತ ನಿಧಾನವಾಗಿ ಹೋಗುತ್ತೆ. ಆದ್ರೂ ದೇವರನ್ನ ಕಟ್ತಾರೆ. ನಮ್ಮ ಕಾರು ಎಷ್ಟು ಜೋರಾಗಿ ಬಂತು! ಪಾಪು ಸೀಟು ಮಾತ್ರ ಸಡಿಲ."

ಅಜ್ಜಿ ಒಂದು ಮಾತೂ ಆಡಲಿಲ್ಲ.

ಮಕ್ಕಳೇ, ಈಗ ಒಂದು ಲೆಕ್ಕ ಮಾಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗುದ್ದಿ ನಿಂತರೆ, ಅದು ಸುಮಾರು 10 ಮೀಟರ್ ಎತ್ತರದ ತೆಂಗಿನ ಮರದಿಂದ ಕೆಳಗೆ ಬಿದ್ದಂತೆ. ಕಾರಿನ ಮೂತಿ ಜಜ್ಜಿಹೋಗಿ, ಅದು ಅರ್ಧ ಮೀಟರಿನಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣದಲ್ಲಿ 10 ಕೆ.ಜಿ. ತೂಕದ ಕೂಸನ್ನು ಹಿಡಿದು ನಿಲ್ಲಿಸಲು ಸುಮಾರು 200 ಕೆ.ಜಿ. ಎತ್ತುವಷ್ಟು ಶಕ್ತಿ ಬೇಕು. ಅಂದರೆ ಎರಡು ಕ್ವಿಂಟಾಲ್ ರಾಗಿ! ಕಣ್ಣು ಮಿಟುಕಿಸುವುದರೊಳಗೆ ಅಷ್ಟು ಭಾರವನ್ನು ಹಿಡಿಯಬಲ್ಲ ಕೈ ಯಾವ ಪೈಲ್ವಾನನಿಗೂ ಇಲ್ಲ. ಅಜ್ಜಿಯ ಪ್ರೀತಿಯಲ್ಲಿ ಕೊರತೆ ಏನೂ ಇಲ್ಲ. ಕೈಗೆ ಮಾತ್ರ ಅಷ್ಟು ಬಲವಿಲ್ಲ. ಸಡಿಲವಾಗಿ ಇಟ್ಟ ಸೀಟಿನದೂ ಅದೇ ಕತೆ. ಕೂಸಿನ ಜೊತೆಗೆ ಸೀಟೂ ಹಾರುತ್ತದೆ.

ತೇರು ಮುಗಿದ ಮೇಲೆ ಒಂದು ಹುಣಸೆ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಸೀಟಿನ ಜೊತೆ ಬಂದಿದ್ದ ಪುಸ್ತಕ ತೆಗೆದೆವು. ತಪ್ಪನ್ನು ಕಂಡುಹಿಡಿದವಳು ಮೊಮ್ಮಗಳೇ. ಆ ಸೀಟಿನಲ್ಲಿ ಬೆಲ್ಟ್ ತೂರಿಸಲು ಎರಡು ದಾರಿ. ನೀಲಿ ಗುರುತಿನದು ಕೂಸು ಹಿಂದಕ್ಕೆ ಮುಖ ಮಾಡಿ ಕೂರುವಾಗ, ಕೆಂಪು ಗುರುತಿನದು ಮುಂದಕ್ಕೆ ಮುಖ ಮಾಡಿ ಕೂರುವಾಗ. ಕೂಸು ಕೂತಿದ್ದದ್ದು ಹಿಂದಕ್ಕೆ ಮುಖ ಮಾಡಿ. ಮಗ ಬೆಲ್ಟ್ ತೂರಿಸಿದ್ದು ಕೆಂಪು ದಾರಿಯಲ್ಲಿ!

ಮತ್ತೆ ಸರಿಯಾಗಿ ಕೂರಿಸಿದೆವು. ನೀವೂ ಹೀಗೆ ಮಾಡಿ:

ಬೆಲ್ಟನ್ನು ಪುಸ್ತಕದಲ್ಲಿ ಹೇಳಿದ ದಾರಿಯಲ್ಲೇ ತೂರಿಸಿ, ಎಲ್ಲೂ ತಿರುಚಿರಬಾರದು. 'ಟಕ್' ಎಂದು ಬಕಲ್ ಹಾಕಿದ ಮೇಲೆ ಸೀಟನ್ನು ಕೈಯಿಂದಲೋ ಮೊಣಕಾಲಿನಿಂದಲೋ ಕೆಳಕ್ಕೆ ಅದುಮಿ, ಸಡಿಲವಿರುವ ಬೆಲ್ಟನ್ನೆಲ್ಲ ಎಳೆಯಿರಿ. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಲುಗಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಜರುಗಿದರೆ ಇನ್ನೂ ಬಿಗಿಯಾಗಿಲ್ಲ ಎಂದರ್ಥ.

ಹೊಸ ಕಾರುಗಳಲ್ಲಿ ಒರಗು ಮತ್ತು ಸೀಟು ಸೇರುವ ಸಂದಿಯಲ್ಲಿ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಇದಕ್ಕೆ ಐಸೋಫಿಕ್ಸ್ ಎನ್ನುತ್ತಾರೆ. ಅದಕ್ಕೆ ಹೊಂದುವ ಸೀಟಾದರೆ ಬೆಲ್ಟಿನ ಗೋಜಿಲ್ಲ. ಎರಡೂ ಕಡೆ 'ಟಕ್' ಎನ್ನಬೇಕು, ಹಸಿರು ಗುರುತು ಕಾಣಬೇಕು. ಜೊತೆಗೆ ಬಂದ ಊರುಗಾಲನ್ನೋ ಮೇಲಿನ ಪಟ್ಟಿಯನ್ನೋ ಮರೆಯದೆ ಹಾಕಬೇಕು.

ಇನ್ನು ಕೂಸಿಗೆ ಹಾಕುವ ಪಟ್ಟಿ. ಹೆಗಲ ಮೂಳೆಯ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಸಡಿಲ, ಬೆರಳು ಜಾರಿದರೆ ಸರಿ. ಊಟಿಗೆ ಹೊರಟಾಗ ದಪ್ಪ ಸ್ವೆಟರ್ ಹಾಕಿಯೇ ಪಟ್ಟಿ ಕಟ್ಟಬೇಡಿ. ಉಣ್ಣೆ ಅದುಮಿಕೊಂಡರೆ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ.

ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಸಿಡಿದು ನೇರವಾಗಿ ಕೂಸಿನ ಸೀಟಿಗೇ ಬಡಿಯುತ್ತದೆ. ಅಪಘಾತಕ್ಕೆ ಸಿಕ್ಕಿದ ಹಳೆಯ ಸೀಟನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ.

"ಕೂಸು ಬೆನ್ನು ಮುಂದಾಗಿ ಯಾಕೆ ಕೂರಬೇಕು? ದಾರಿ ಕಾಣಲ್ವಲ್ಲ" ಎಂದಳು ಅಜ್ಜಿ. ಮೈಗೆ ಹೋಲಿಸಿದರೆ ಕೂಸಿನ ತಲೆ ದೊಡ್ಡದು, ಭಾರ; ಕುತ್ತಿಗೆ ಎಳೆಯದು. ಹಾಗೆ ಕೂತರೆ ಪೆಟ್ಟಿನ ಒತ್ತಡವೆಲ್ಲ ಕುತ್ತಿಗೆಯ ಮೇಲೆ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬುವರಿಗೆ ಈ ಉಪಾಯ ಹೊಳೆದದ್ದು ಜೆಮಿನಿ ಗಗನಯಾತ್ರಿಗಳು ಬೆನ್ನು ಒರಗಿಸಿ ಮಲಗಿದಂತೆ ಕೂರುವುದನ್ನು ನೋಡಿ. "ಹಂಗಾದ್ರೆ ನಮ್ಮ ಪಾಪು ಗಗನಯಾತ್ರಿ!" ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ದೊಡ್ಡ ಮಕ್ಕಳೇ, ನಿಮಗೂ ಬಿಡುಗಡೆ ಇಲ್ಲ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲ್ಪಟ್ಟಿ ಕುತ್ತಿಗೆಗಲ್ಲ, ಭುಜದ ನಡುವೆ ಬರಬೇಕು. ಹಾಗೆ ಬಾರದಿದ್ದರೆ ನಿಮ್ಮನ್ನು ಎತ್ತರಿಸುವ ಬೂಸ್ಟರ್ ಸೀಟು ಬೇಕು. ಕುತ್ತಿಗೆಗೆ ಒತ್ತುತ್ತದೆಂದು ಪಟ್ಟಿಯನ್ನು ಕಂಕುಳಡಿ ತೂರಿಸಿಕೊಳ್ಳಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ. ಬೈಕಿನವರಿಗೂ 2023ರ ಫೆಬ್ರುವರಿಯಿಂದ ನಿಯಮವಿದೆ: 4 ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಸವಾರನಿಗೆ ಬಿಗಿಯುವ ಪಟ್ಟಿ ಇರಬೇಕು, ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ದಾಟಬಾರದು.

ಕೊನೆಗೆ ಅಜ್ಜಿಯೇ ಸೀಟು ಹಿಡಿದು ಜಗ್ಗಿ ನೋಡಿದಳು. ಅದು ಕದಲಲಿಲ್ಲ. ಮತ್ತೆ ಜಗ್ಗಿದಳು, ಊಹೂಂ. ಕಾರು ಹೊರಟಿತು. ಖಾಲಿಯಾದ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಒಂದು ಬೆರಳನ್ನು ಕೂಸಿನತ್ತ ಚಾಚಿದಳು. ಅದು ಗಟ್ಟಿಯಾಗಿ ಹಿಡಿದುಕೊಂಡಿತು. ಗುಂಡ್ಲುಪೇಟೆ ಬರುವವರೆಗೂ ಬಿಡಲಿಲ್ಲ.

ಈ ವಾರದ ಕೆಲಸ: ಮುಂದಿನ ಸಲ ಕಾರು ಹೊರಡುವ ಮುನ್ನ ತಮ್ಮನ ಅಥವಾ ತಂಗಿಯ ಸೀಟನ್ನು ನೀವೇ ಅಲುಗಾಡಿಸಿ ನೋಡಿ. ಒಂದು ಅಂಗುಲಕ್ಕಿಂತ ಹೆಚ್ಚು ಜರುಗಿದರೆ, "ತಾಳಿ, ಇನ್ನೂ ತೇರು ಎಳೆಯಬೇಡಿ" ಎಂದು ದೊಡ್ಡವರಿಗೆ ಹೇಳಿ.