ಗುಜರಿ ಯಾರ್ಡಿನ ಎರಡು ಬೆಕ್ಕುಗಳು

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ 'ಸ್ವಾಟ್ ಕ್ಯಾಟ್ಸ್' ಜೆಟ್ ವಿಮಾನದ ಕಥೆ ಅಲ್ಲ ಮಾರಾಯ್ರೆ, ಅದು ಗ್ಯಾರೇಜಿನ ಕಥೆ!

ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾನಾ-ಬಾರ್ಬೆರಾ ಸ್ಟುಡಿಯೋದವರು 1993ರಲ್ಲಿ ಶುರು ಮಾಡಿ 1995ರ ಆರಂಭಕ್ಕೆ ನಿಲ್ಲಿಸಿದ ಕಾರ್ಟೂನು ಇದು. ಕಲ್ಪಿಸಿದವರು ಕ್ರಿಶ್ಚಿಯನ್ ಮತ್ತು ಇವಾನ್ ಟ್ರೆಂಬ್ಲೆ ಎಂಬ ಅಣ್ಣ ತಮ್ಮ. ಮೆಗಾಕ್ಯಾಟ್ ಸಿಟಿ ಎಂಬ ಊರು, ಅಲ್ಲಿ ಎಲ್ಲರೂ ಬೆಕ್ಕುಗಳೇ. ಟಿ-ಬೋನ್ ವಿಮಾನ ಓಡಿಸುವವನು, ರೇಜರ್ ಹಿಂದೆ ಕೂತು ಕ್ಷಿಪಣಿ ಬಿಡುವವನು. ಇಬ್ಬರೂ ಮುಖವಾಡ ಹಾಕಿ 'ಟರ್ಬೊಕ್ಯಾಟ್' ಜೆಟ್ಟಿನಲ್ಲಿ ಬಂದು ಊರು ಕಾಯುತ್ತಾರೆ. ಅಮೆರಿಕದಲ್ಲಿ ಬೇಗ ಮುಗಿದುಹೋದ ಈ ಸರಣಿ ನಮ್ಮ ದೇಶದ ಒಂದು ತಲೆಮಾರಿಗೆ ಮಾತ್ರ ಇವತ್ತಿಗೂ ಮರೆತಿಲ್ಲ.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಉಡುಪಿ, ಕಾಪು, ಕಾರ್ಕಳದ ಕಡೆ ತೆಂಗಿನ ಮರದಿಂದ ತೆಂಗಿನ ಮರಕ್ಕೆ ಕಪ್ಪು ವಯರು ಎಳೆದು ಮನೆಮನೆಗೆ ಕೇಬಲ್ ಕೊಡುತ್ತಿದ್ದ ಕಾಲ. ಗಾಳಿಮಳೆ ಬಂದರೆ ಕರೆಂಟೂ ಇಲ್ಲ, ಕೇಬಲ್ಲೂ ಇಲ್ಲ. ರಾತ್ರಿಯಾದರೆ ಅದೇ ಚಾನೆಲಿನಲ್ಲಿ ಟಿಎನ್‌ಟಿಯವರ ಹಳೇ ಹಾಲಿವುಡ್ ಸಿನಿಮಾ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಇಂಗ್ಲಿಷು. ಅರ್ಧ ಮಾತು ತಲೆಯ ಮೇಲೆ ಹಾರಿಹೋಗುತ್ತಿತ್ತು. ಆದರೂ ಡಾರ್ಕ್ ಕ್ಯಾಟ್ ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಣ್ಣದ ವೇಷದ ಅಬ್ಬರ ನೋಡಿ ಬೆಳೆದ ಮಕ್ಕಳಿಗೆ ರಕ್ಕಸ ಗೊತ್ತಾಗದೆ ಇರುತ್ತಾನೆಯೇ?

ಈ ಮಳೆಗಾಲದಲ್ಲಿ ಎರಡೂ ಸೀಸನ್ ಕೂತು ನೋಡಿದೆ. ಆಗ ಕಾಣದ್ದು ಈಗ ಕಂಡಿತು... ಸಾಲ!

ಈ ಇಬ್ಬರೂ ಹುಟ್ಟಾ ಹೀರೋಗಳಲ್ಲ. ಚಾನ್ಸ್ ಮತ್ತು ಜೇಕ್ ಎಂಬ ಹೆಸರಿನ ಸಾಮಾನ್ಯ ಪೈಲಟ್‌ಗಳು. 'ಎನ್‌ಫೋರ್ಸರ್ಸ್' ಎಂಬ ರಕ್ಷಣಾ ಪಡೆಯಲ್ಲಿ ಕೆಲಸ. ಡಾರ್ಕ್ ಕ್ಯಾಟ್‌ನನ್ನು ಬೆನ್ನಟ್ಟುವಾಗ ಕಮಾಂಡರ್ ಫೆರಲ್ ನಡುವೆ ನುಗ್ಗಿ ಇವರ ವಿಮಾನಕ್ಕೆ ತಾಗಿಸುತ್ತಾನೆ. ವಿಮಾನ ಹೋಗಿ ಪಡೆಯ ಮುಖ್ಯ ಕಚೇರಿಗೇ ಬೀಳುತ್ತದೆ. ತಪ್ಪು ಯಾರದ್ದು? ದಂಡ ಯಾರಿಗೆ? ಇಬ್ಬರನ್ನೂ ಕೆಲಸದಿಂದ ಕಿತ್ತು, ನಷ್ಟ ತೀರುವ ತನಕ ಮಿಲಿಟರಿ ಗುಜರಿ ಯಾರ್ಡಿನಲ್ಲಿ ದುಡಿಯಿರಿ ಎಂದು ಅಟ್ಟುತ್ತಾರೆ. ಹಗಲು ಊರವರ ಕಾರು ರಿಪೇರಿ. ರಾತ್ರಿ ಅದೇ ಗುಜರಿಯಲ್ಲಿ ಸಿಕ್ಕ ಬಿಡಿಭಾಗ ಜೋಡಿಸಿ, ಯಾರ್ಡಿನ ಅಡಿಯಲ್ಲಿ ಜೆಟ್ ಕಟ್ಟುವುದು.

ಈಗ ನಮ್ಮೂರಿನ ಬೈಗುಳ ನೆನಪು ಮಾಡಿಕೊಳ್ಳಿ. "ಓದದಿದ್ರೆ ಗ್ಯಾರೇಜಿಗೆ ಸೇರಿಸ್ತೇನೆ ನೋಡು!" ಕೇಳದೆ ಬೆಳೆದವರು ಇದ್ದಾರಾ? ಫೆರಲ್ ಕೊಟ್ಟ ಶಿಕ್ಷೆಯೂ, ನಮ್ಮ ಹಿರಿಯರ ಬೆದರಿಕೆಯೂ ಒಂದೇ. ಕಾರ್ಟೂನು ಅದಕ್ಕೆ ಕೊಟ್ಟ ಉತ್ತರವೇ ಬೇರೆ. ಶಿಕ್ಷೆಯ ಜಾಗದಿಂದಲೇ ಊರು ಉಳಿಸುವ ವಿಮಾನ ಮೇಲೇಳುತ್ತದೆ.

ಬುದ್ಧಿವಂತರ ಜಿಲ್ಲೆ ಅಂತ ನಾವು ಬೆನ್ನು ತಟ್ಟಿಕೊಳ್ಳುವವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಅದು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು ಬಿಡಿ, ಅದರ ಕಥೆ ಎಲ್ಲರಿಗೂ ಗೊತ್ತು. 1957ರ ಮಣಿಪಾಲದ ಎಂಐಟಿ, ಕಾರ್ಕಳದ ಹತ್ತಿರ ನಿಟ್ಟೆಯ ಕಾಲೇಜು, ಇವುಗಳ ಹೆಮ್ಮೆಯೂ ಇದೆ. ಇರಲಿ, ಬೇಡ ಎನ್ನುವುದಿಲ್ಲ. ಆದರೆ ಮಲ್ಪೆಯಲ್ಲಿ ಬೋಟಿನ ಇಂಜಿನ್ ಸದ್ದು ಕೇಳಿಯೇ ರೋಗ ಹೇಳುವವರಿಗೆ, ಕಾಪುವಿನ ಹೆದ್ದಾರಿ ಬದಿಯಲ್ಲಿ ಲಾರಿಯಡಿ ಮಲಗಿ ಗ್ರೀಸ್ ಮೆತ್ತಿಕೊಳ್ಳುವವರಿಗೆ, ಬಿಡಿಭಾಗ ಸಿಗದಿದ್ದರೆ ಲೇಥಿನಲ್ಲಿ ತಾವೇ ಕಡೆದು ಕೊಡುವವರಿಗೆ ಎಷ್ಟು ಸನ್ಮಾನ ಸಮಾರಂಭದಲ್ಲಿ ಶಾಲು ಹೊದೆಸಿದ್ದೇವೆ? ಮಣಿಪಾಲದ ವಿದ್ಯಾರ್ಥಿಗಳು ಕೈಯಾರೆ ರೇಸ್ ಕಾರು ಕಟ್ಟಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ, ಬರಲೇಬೇಕು. ಅದೇ ಕೈಕೆಲಸವನ್ನು ಸರ್ಟಿಫಿಕೇಟು ಇಲ್ಲದವನು ಮಾಡಿದರೆ ಅವನು ಬರೀ 'ಮೆಕ್ಯಾನಿಕ್'.

"ಇದರಲ್ಲಿ ವಿಜ್ಞಾನ ಎಲ್ಲುಂಟು? ಮಂತ್ರವಾದಿ ಬರ್ತಾನಲ್ಲ" ಅಂತ ಕೇಳಬಹುದು. ಸರಿಯೇ. ಪಾಸ್ಟ್‌ಮಾಸ್ಟರ್ ಎಂಬ ಮಾಟಗಾರ ಇದ್ದಾನೆ, ಡಾಕ್ಟರ್ ವೈಪರ್ ಬೆಳೆಸುವ ಜೀವಿಗಳಿಗೆ ಯಾವ ಪಠ್ಯಪುಸ್ತಕದಲ್ಲೂ ಜಾಗವಿಲ್ಲ. ಎಲ್ಲ ಸಮಸ್ಯೆಗೂ ಕ್ಷಿಪಣಿಯೇ ಉತ್ತರ ಎನ್ನುವುದು ಈಗ ನೋಡಿದರೆ ಸ್ವಲ್ಪ ಕಿರಿಕಿರಿ. ಆದರೆ ರೇಜರ್ ಕೆಲಸ ಮಾಡುವ ಕ್ರಮ ನೋಡಿ. ಬಿಟ್ಟ ಅಸ್ತ್ರ ಹುಸಿಯಾದರೆ ವಾಪಸ್ ಗ್ಯಾರೇಜಿಗೆ. ಯಾಕೆ ಹೀಗಾಯಿತು ಎಂದು ಯೋಚನೆ. ಇನ್ನೊಂದು ಬಗೆಯದ್ದನ್ನು ತಯಾರಿಸಿ ಮತ್ತೆ ಪ್ರಯತ್ನ. ವಿಜ್ಞಾನ ಅಂದರೆ ಇದಕ್ಕಿಂತ ಬೇರೆ ಎಂತ? ಮೇಯರ್ ಮ್ಯಾಂಕ್ಸ್ ಗಾಲ್ಫ್ ಆಡಿಕೊಂಡಿರುವಾಗ ಉಪಮೇಯರ್ ಕ್ಯಾಲಿ ಬ್ರಿಗ್ಸ್ ಊರಿನ ಕೆಲಸವನ್ನೆಲ್ಲ ಎಳೆಯುವುದಂತೂ ಶುದ್ಧ ವಾಸ್ತವ, ಅದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ನನಗೆ ನಿಜವಾಗಿ ಚುಚ್ಚಿದ್ದು ಇನ್ನೊಂದು. ಆಗಿನ ನಮ್ಮ ಮನೆಗಳಲ್ಲಿ ರೇಡಿಯೋ, ಮಿಕ್ಸಿ, ಸ್ಕೂಟರ್ ಎಲ್ಲಕ್ಕೂ ಸ್ಕ್ರೂ ಇತ್ತು. ಬಿಚ್ಚಬಹುದಿತ್ತು. ಮಕ್ಕಳು ಬಿಚ್ಚಿ, ಜೋಡಿಸಲಾಗದೆ ಪೆಟ್ಟು ತಿಂದರೂ ಒಳಗೆ ಏನಿದೆ ಎಂದು ಗೊತ್ತಾಗುತ್ತಿತ್ತು. ಈಗಿನ ಎಷ್ಟೋ ಫೋನುಗಳ ಬ್ಯಾಟರಿಯನ್ನು ಅಂಟಿಸಿಯೇ ಕೊಡುತ್ತಾರೆ. ಹಾಳಾದರೆ ಎಕ್ಸ್‌ಚೇಂಜ್! ರಿಪೇರಿಯ ಹಕ್ಕಿನ ಬಗ್ಗೆ ನೀತಿ ರೂಪಿಸಲು 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ಕೊಂಡುಕೊಂಡ ವಸ್ತುವನ್ನು ಬಿಚ್ಚಿ ಸರಿಮಾಡುವುದು ನಮ್ಮ ಹಕ್ಕು ಎಂದು ನಾವೇ ವಾದಿಸಬೇಕಾದ ಕಾಲ ಬಂದಿದೆ. ಮುಂದಿನ ಯಂತ್ರಗಳ ಕನಸು ಕಾಣುವವರು ಈಗಿನ ಯಂತ್ರಗಳನ್ನು ಬಿಚ್ಚಿ ನೋಡಿದವರೇ ಅಲ್ಲವೇ? ಬಿಚ್ಚಲಾಗದ ಪೆಟ್ಟಿಗೆ ಹಿಡಿದು ಬೆಳೆಯುವ ಮಗು ಒಳ್ಳೆಯ ಗಿರಾಕಿ ಆದೀತು, ರೇಜರ್ ಆಗುವುದು ಕಷ್ಟ.

ಹಾಗಾಗಿ ಮಕ್ಕಳಿಗೆ ಈ ಹಳೇ ಕಾರ್ಟೂನು ತೋರಿಸಿ ಅನ್ನುತ್ತೇನೆ. ಬರೀ ನಮ್ಮ ಬಾಲ್ಯದ ನೆನಪಿಗಾಗಿ ಬೇಡ, ಆ ನೆನಪು ಅವರಿಗೆ ಬೋರು. ಜೊತೆಗೆ ಅಟ್ಟದಲ್ಲಿರುವ ಕೆಟ್ಟ ರೇಡಿಯೋವನ್ನೂ ಒಂದು ಸ್ಕ್ರೂಡ್ರೈವರನ್ನೂ ಕೈಗೆ ಕೊಡಿ. ಪ್ಲಗ್ ಮಾತ್ರ ತೆಗೆದಿರಲಿ! ಮತ್ತೆ ಆ ಗ್ಯಾರೇಜಿನ ಬೈಗುಳ ಒಂದನ್ನು ಇನ್ನಾದರೂ ಬಿಟ್ಟುಬಿಡೋಣ.

ನೀವೇನಂತೀರಿ? ನಿಮ್ಮೂರಿನ ಗುಜರಿ ಯಾರ್ಡಿನಲ್ಲೂ ಒಬ್ಬ ರೇಜರ್ ಇದ್ದರೆ ಅವನ ಬಗ್ಗೆ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.