ಮೇಲೇರಿದಷ್ಟೂ ಕಿರಿದಾಗುವ ಜಾಗ

ಕೊಡಚಾದ್ರಿಯ ಸರ್ವಜ್ಞಪೀಠವನ್ನು ಬರೀ ಫೋಟೊದಲ್ಲಿ ಕಂಡವರು ಅದೊಂದು ದೊಡ್ಡ ದೇಗುಲವೆಂದೇ ತಿಳಿದಿರುತ್ತಾರೆ. ಹತ್ತಿರ ಹೋದರೆ ಅದು ಕಲ್ಲಿನ ಪುಟ್ಟ ಗುಡಿ. ಬಾಗಿಲ ಮುಂದೆ ಹತ್ತು ಜನ ನಿಂತರೆ ಹನ್ನೊಂದನೆಯವರು ಆಚೆ ನಿಲ್ಲಬೇಕು. ಆದಿ ಶಂಕರರು ಇಲ್ಲಿ ತಪಸ್ಸು ಮಾಡಿದರೆಂಬುದು ನಂಬಿಕೆ. ಒಬ್ಬ ಸನ್ಯಾಸಿಗೆ ಸಾಕಾದ ಜಾಗವೇ ಹೌದು. ರಜಾದಿನಗಳಲ್ಲಿ ಅದರೆದುರು ಸೆಲ್ಫಿಗೆ ಸರತಿ.

ಯಾವ ಬೆಟ್ಟವೂ ಮೇಲೇರುತ್ತ ಹೋದಂತೆ ಕಿರಿದಾಗುತ್ತದೆ. ಇಷ್ಟು ಸರಳ ಸಂಗತಿ ನಮ್ಮ ಪ್ರವಾಸೋದ್ಯಮದ ಯೋಜನೆಗಳಲ್ಲಿ ಎಲ್ಲೂ ಕಾಣುವುದಿಲ್ಲ. ಕೆಳಗೆ ರಸ್ತೆ ಅಗಲವಾಗುತ್ತದೆ, ವಾಹನ ದೊಡ್ಡದಾಗುತ್ತದೆ, ಮೇಲಿನ ತುದಿ ಮಾತ್ರ ಇದ್ದಷ್ಟೇ.

ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಈ ಬೆಟ್ಟ ಕಂದಾಯದ ಲೆಕ್ಕದಲ್ಲಿ ಹೊಸನಗರ ತಾಲೂಕಿಗೆ ಸೇರಿದ್ದು. ಆದರೆ ಬೈಂದೂರು, ಕುಂದಾಪುರದವರು ಅದನ್ನು ಪರವೂರಿನದೆಂದು ಎಣಿಸಿದ್ದಿಲ್ಲ. ಕೊಲ್ಲೂರಿಗೆ ಹೋದವರು ಕತ್ತೆತ್ತಿ ಕೈಮುಗಿಯುವುದು ಅತ್ತಲೇ. ಅಲ್ಲಿ ಹುಟ್ಟುವ ಸೌಪರ್ಣಿಕೆ ಕೊಲ್ಲೂರಿಗಿಳಿದು, ಮರವಂತೆಯಲ್ಲಿ ಕಡಲನ್ನು ಇನ್ನೇನು ಮುಟ್ಟಿತೆನ್ನುವಾಗ ಹೆದ್ದಾರಿಯಷ್ಟು ದೂರ ಉಳಿಸಿಕೊಂಡು ತೆಂಕಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆ ಸೇರುತ್ತದೆ. ಮೇಲೆ ಎಸೆದ ಚಿಪ್ಸಿನ ಪೊಟ್ಟಣಕ್ಕೂ ಅದೇ ದಾರಿ.

ಕೊಲ್ಲೂರಿನಿಂದ ಜೀಪು ಹಿಡಿದರೆ ನಾಗೋಡಿ ಘಾಟಿಯವರೆಗೆ ಡಾಂಬರು ರಸ್ತೆ, ಮಾತುಕತೆಗೆ ತೊಂದರೆಯಿಲ್ಲ. ಕಟ್ಟಿನಹೊಳೆಯ ಆಚೆ ಕೆಂಪು ಮಣ್ಣಿನ ದಾರಿ ಶುರುವಾದ ಮೇಲೆ ಯಾರೂ ಮಾತಾಡುವುದಿಲ್ಲ. ಮಳೆನೀರು ಕೊರೆದ ಚರಂಡಿಯಲ್ಲಿ ಒಂದು ಗಾಲಿ, ಬಂಡೆಯ ಮೇಲೆ ಇನ್ನೊಂದು. ಹಿಂದೆ ಕುಳಿತವರ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯುತ್ತಿರುವಾಗ ಚಾಲಕನ ಸಮಾಧಾನ: "ಗಟ್ಟಿ ಹಿಡ್ಕಣಿ ಮರ್ರೆ, ಇದ್ ಇನ್ನೂ ಸುರು." ಮೂಲ ಮೂಕಾಂಬಿಕೆಯ ಗುಡಿಯ ಬಳಿ ಜೀಪು ನಿಲ್ಲುತ್ತದೆ. ಅಲ್ಲೊಂದು ಹಳೆಯ ಕಬ್ಬಿಣದ ಕಂಬ. ಬಯಲಿನ ಮಳೆಯಲ್ಲಿ ನಿಂತೇ ಇದ್ದರೂ ತುಕ್ಕು ಅದನ್ನು ತಿಂದು ಮುಗಿಸಿಲ್ಲ. ಅರ್ಚಕರ ಮನೆಯಲ್ಲಿ ಊಟ ಸಿಗುತ್ತದೆ. ಆ ಚಳಿಗೆ ಬಿಸಿ ಅನ್ನ, ಸಾರು ಮುಂದೆ ಬಂದರೆ ಬೇರೆ ಪಿಕ್‌ನಿಕ್ ಯಾರಿಗೆ ಬೇಕು? ಅಲ್ಲಿಂದ ಪೀಠಕ್ಕೆ ಹುಲ್ಲುಬೋಳಿನ ಏರುದಾರಿಯಲ್ಲಿ ನಡೆದೇ ಹೋಗಬೇಕು.

ಈ ಕೆಟ್ಟ ದಾರಿಯೇ ಇಷ್ಟು ಕಾಲ ಬೆಟ್ಟವನ್ನು ಕಾದಿದೆ ಎಂದು ನನ್ನ ಅಂದಾಜು. ಈಗ ಕೊಲ್ಲೂರಿನಿಂದ ಮೇಲಕ್ಕೆ ರೋಪ್‌ವೇ ಹಾಕುವ ಪ್ರಸ್ತಾಪವಿದೆ. ಅದರ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಮಂಡಿನೋವಿನ ಅಜ್ಜಿಗೂ ಮೂಕಾಂಬಿಕೆಯ ಮೂಲಸ್ಥಾನ ನೋಡುವ ಆಸೆ ಇರುತ್ತದೆ, ಹಾಳು ದಾರಿಯಲ್ಲಿ ಜೀಪು ಉಗುಳುವ ಹೊಗೆಯಾದರೂ ಕಮ್ಮಿಯಾದೀತು. ಆದರೆ ತಂತಿಯ ಮೇಲಿನ ತೊಟ್ಟಿಲು ದಿನವಿಡೀ ಜನರನ್ನು ತಂದು ಇಳಿಸುತ್ತಲೇ ಇದ್ದರೆ ಅವರೆಲ್ಲ ನಿಲ್ಲುವುದೆಲ್ಲಿ? 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಉಂಟಾದ ನೂಕುನುಗ್ಗಲನ್ನು ನೋಡಿದ್ದೇವೆ. ಅಲ್ಲಿ ತೊಟ್ಟಿಲೂ ಇರಲಿಲ್ಲ, ಜೀಪೂ ಇರಲಿಲ್ಲ. ಎಲ್ಲರೂ ನಡೆದೇ ಬಂದವರು.

ಇನ್ನು ಸಿಂಗಳೀಕದ ಮಾತು. ಕೊಡಚಾದ್ರಿಯ ಈ ಕಾಡು 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರುತ್ತದೆ. ಸಿಂಗಳೀಕ ಬದುಕುವುದೆಲ್ಲ ಮರದ ಮೇಲೆ, ಕೊಂಬೆಯಿಂದ ಕೊಂಬೆಗೆ. ನೆಲಕ್ಕಿಳಿಯುವುದು ಅಪರೂಪ. ರೋಪ್‌ವೇಗೆಂದು ನಡುವೆ ಮರ ಕಡಿದು ಆಕಾಶ ತೆರೆದರೆ ಅದರ ಪಾಲಿಗೆ ದಾರಿಯೇ ಕಡಿದಂತೆ. ಈ ಪ್ರಾಣಿಗಾಗಿಯೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕುದುರೆಮುಖದ ಕಾಡು ಸುತ್ತಿದರು. ಆ ಅಧ್ಯಯನದ ಫಲವಾಗಿ 1987ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಬಂತು. ಅಲ್ಲಿನ ಅದಿರಿನ ಗಣಿಯನ್ನು 2005ರ ಕೊನೆಗೆ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಒಂದು ಮಂಗನಿಗಾಗಿ ಇಷ್ಟೆಲ್ಲವೇ ಎಂದು ಆಗ ಗೊಣಗಿದವರು ಈಗಲೂ ನಮ್ಮ ನಡುವೆ ಇದ್ದಾರೆ. ಗೊಣಗಲಿ.

ಮನೆಮಂದಿಯೊಡನೆ ಬುತ್ತಿ ಕಟ್ಟಿಕೊಂಡು ಹೋಗಿ ಎತ್ತರದಲ್ಲಿ ಕುಳಿತು ಬಿಸಿಲು ಇಳಿಯುವುದನ್ನು ನೋಡಬೇಕು ಎನ್ನುವವರಿಗೆ ಬೈಂದೂರಿನಲ್ಲೇ ಒತ್ತಿನೆಣೆ ಇದೆ. ಹೆದ್ದಾರಿಗೆ ತಾಗಿಕೊಂಡ ಗುಡ್ಡ. ಮೇಲೆ ಅರಣ್ಯ ಇಲಾಖೆಯ ಕ್ಷಿತಿಜ ನೇಸರಧಾಮ, ಕೆಳಗೆ ಸೋಮೇಶ್ವರದ ಕಡಲು. ಕಾರು ಹತ್ತಿರದವರೆಗೆ ಬರುತ್ತದೆ, ಅಜ್ಜಿಗೂ ಕಷ್ಟವಿಲ್ಲ. ಚತುಷ್ಪಥಕ್ಕೆಂದು ಇದರ ಮಗ್ಗುಲು ಕಡಿದ ಮೇಲೆ ಮಳೆಗಾಲದಲ್ಲಿ ಮಣ್ಣು ಜರಿದು ರಸ್ತೆಗೆ ಬಿದ್ದದ್ದು ಬೈಂದೂರಿನವರಿಗೆ ನೆನಪಿದ್ದೀತು. ಗುಡ್ಡಕ್ಕೆ ಕೈಹಾಕಿದರೆ ಏನಾಗುತ್ತದೆಂದು ತಿಳಿಯಲು ಕೊಡಚಾದ್ರಿಯವರೆಗೆ ಹೋಗಬೇಕಿಲ್ಲ.

ಕೊಡಚಾದ್ರಿಗೆ ಬೇಕಾದ್ದು ಹೊತ್ತೊಂದಕ್ಕೆ ಇಂತಿಷ್ಟೇ ಜನ ಎಂಬ ಲೆಕ್ಕ, ಮತ್ತು ಆ ಲೆಕ್ಕ ತುಂಬಿದಾಗ ಯಾರ ಫೋನು ಬಂದರೂ ಗೇಟು ತೆಗೆಯದ ಒಬ್ಬ ಕಾವಲುಗಾರ. ರೋಪ್‌ವೇಗೆಂದು ಎತ್ತಿಡುವ ಹಣದಲ್ಲಿ ಸ್ವಲ್ಪ ಒತ್ತಿನೆಣೆಯ ಕಡೆ ಬಂದರೆ ಅಲ್ಲಿ ಇನ್ನಷ್ಟು ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಮಾಡಬಹುದು.